ಪೋಸ್ಟರಿನ ಕೆಳಗಿನ ಸಾಲು

ನಮ್ಮ ಚಿಕ್ಕಪ್ಪ ಬರೆದದ್ದನ್ನು ಊರಿನವರೆಲ್ಲ ಓದಿದ್ದಾರೆ. ಅರ್ಥ ಮಾಡಿಕೊಂಡವರು ಮಾತ್ರ ಯಾರೂ ಇಲ್ಲ.

ಪರದೇಶದ ಸಿನಿಮಾಗಳನ್ನು ತರಿಸಿ ಥಿಯೇಟರುಗಳಿಗೆ ಹಂಚುವ ಆಫೀಸೊಂದರಲ್ಲಿ ಅವನು ಗುಮಾಸ್ತ. ಅನ್ಯಗ್ರಹ, ರಾಕೆಟ್ಟು, ಕಾಲಯಂತ್ರ ಅಂತ ಏನಾದರೂ ಸಿನಿಮಾ ಬಂದರೆ ಅದರ ಪೋಸ್ಟರಿನ ಕೆಳಗೆ ಹಾಕುವ ಒಂದು ಸಾಲನ್ನು ನಮ್ಮ ಭಾಷೆಗೆ ತರುವ ಕೆಲಸ ಅವನ ಪಾಲಿಗೆ ಬಿದ್ದಿತ್ತು. ಕಾಲೇಜಿನಲ್ಲಿ ಒಂದು ವರ್ಷ ಭೌತಶಾಸ್ತ್ರ ಓದಿದ್ದ ಎಂಬುದೊಂದೇ ಅವನ ಅರ್ಹತೆ. ಸಿನಿಮಾದ ರೀಲುಗಳ ಡಬ್ಬಿ ಬರುವ ಮೊದಲೇ ಪೋಸ್ಟರು ಗೋಡೆ ಹತ್ತಬೇಕಾದ್ದರಿಂದ ಚಿತ್ರ ನೋಡಿ ಬರೆಯುವ ಮಾತೇ ಇರಲಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ, ಪೋಸ್ಟರ್ ಸುರುಳಿಗಳ ನಡುವೆ ಮೊಣಕೈ ಊರಿಕೊಂಡು, ಡಿಕ್ಷನರಿ ತಿರುವುತ್ತಿದ್ದ. ಮೂಲದ ಸಾಲೇ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿರುತ್ತಿತ್ತು. ಚಿಕ್ಕಪ್ಪ ಮುಟ್ಟಿದ ಮೇಲೆ ಆ ದೀಪವೂ ಆರುತ್ತಿತ್ತು.

'ಆಕಾಶಕ್ಕೂ ಹಿತ್ತಿಲ ಬಾಗಿಲಿದೆ.' 'ಅವರು ಬರಲಿಲ್ಲ, ಅದಕ್ಕೇ ಇಲ್ಲಿದ್ದಾರೆ.' 'ಇದನ್ನು ಓದಿದ ನೀನು ನೀನಲ್ಲ.' ಈ ಕೊನೆಯದನ್ನು ಬಸ್‌ಸ್ಟಾಪಿನ ಗೋಡೆಗೆ ಅಂಟಿಸಿದ ವಾರ, ನಮ್ಮ ಬೀದಿಯ ಕ್ಷೌರಿಕ ಚಿಕ್ಕಪ್ಪನ ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಎತ್ತಿ ಹಿಡಿದು, "ಅಲ್ಲ ಸಾರ್, ನಾನು ನಾನಲ್ಲ ಅಂದ್ರೆ ಈಗ ನಿಮ್ಮ ಗಡ್ಡ ಹೆರೀತಿರೋದು ಯಾರು?" ಎಂದು ಕೇಳಿದನಂತೆ. ಕತ್ತಿ ಕೆಳಗಿಳಿಯುವ ತನಕ ಚಿಕ್ಕಪ್ಪ ತುಟಿ ಬಿಚ್ಚಲಿಲ್ಲ.

ಇಂಥ ತಮಾಷೆಗೆಲ್ಲ ಅವನು ಬೇಸರ ಮಾಡಿಕೊಳ್ಳುವವನಲ್ಲ. ಆದರೆ ಕಟ್ಟಿಕೊಂಡ ಹೆಂಡತಿಯೇ ಪೋಸ್ಟರು ಕಂಡರೆ ಮುಖ ತಿರುಗಿಸಿ ನಡೆಯುತ್ತಾಳಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದ. ಚಿಕ್ಕಮ್ಮ ಆಸ್ಪತ್ರೆಯಲ್ಲಿ ಆಯಾ. ಆಪರೇಷನ್ ಕೋಣೆಯ ಹೊರಗೆ ಕಾದು ಕೂತವರಿಗೆ ನೀರು ಕೊಡುವುದು, ಒಳಗಿನ ಸುದ್ದಿ ಹೊರಗೆ ಮುಟ್ಟಿಸುವುದು ಅವಳ ದಿನದ ಬದುಕು. "ನಿಮ್ಮ ಸಾಲು ಓದಿದ್ರೆ ಎದೆ ಡವಡವ ಅನ್ನುತ್ತೆ ಕಣ್ರೀ. ಅದು ನಂಗೆ ಆಸ್ಪತ್ರೇಲೇ ಬೇಕಾದಷ್ಟಿದೆ," ಅನ್ನುತ್ತಿದ್ದಳು.

ಹೀಗಿರುವಾಗ ಕಾಲಯಂತ್ರದ ಸಿನಿಮಾವೊಂದು ಬಂತು. ಚಿಕ್ಕಪ್ಪ ಬರೆದ: 'ಹಿಂದಕ್ಕೆ ಓಡಿದವನೇ ಮೊದಲು ಮುಟ್ಟುತ್ತಾನೆ.' ಅದನ್ನು ಓದಿದ ಶಾಲೆಯ ಡ್ರಿಲ್ ಮೇಷ್ಟ್ರು ಇದು ಓಟದ ಪಂದ್ಯದ ಸಿನಿಮಾ ಎಂದೇ ನಂಬಿ, ಪಂದ್ಯಕ್ಕೆ ತಯಾರಾಗುತ್ತಿದ್ದ ಹುಡುಗಿಯರನ್ನೆಲ್ಲ ಸಾಲಾಗಿ ನಡೆಸಿಕೊಂಡು ಥಿಯೇಟರಿಗೆ ಹೋದರು. ಪರದೆಯ ಮೇಲೆ ಒಬ್ಬ ಗಡ್ಡದವನು ಕಬ್ಬಿಣದ ಪೆಟ್ಟಿಗೆಯಲ್ಲಿ ಕೂತು ಇಡೀ ಹೊತ್ತು ಏದುಸಿರು ಬಿಟ್ಟ. ಕೊನೆಗೆ ತನ್ನ ಗುಂಡಿ ತಾನೇ ತೋಡಿಕೊಂಡು ಮಲಗಿದ. ಅತ್ತು ಕಣ್ಣು ಊದಿಸಿಕೊಂಡ ಹುಡುಗಿಯರನ್ನು ಮನೆಗಳಿಗೆ ಬಿಟ್ಟು, ಮೇಷ್ಟ್ರು ಸೀದಾ ಆಫೀಸಿಗೆ ಬಂದರು.

"ಓಟ ಎಲ್ಲಿ ಸ್ವಾಮಿ? ಇಡೀ ಸಿನಿಮಾದಲ್ಲಿ ಒಬ್ಬನೂ ನಾಲ್ಕು ಹೆಜ್ಜೆ ಓಡಲಿಲ್ಲ!"

ಚಿಕ್ಕಪ್ಪ ಎದ್ದು ನಿಂತು, ಅದು ಕಾಲದಲ್ಲಿ ಹಿಂದಕ್ಕೆ ಓಡುವುದು ಎಂದು ವಿವರಿಸಲು ಹೋದ. "ಕಾಲಲ್ಲಿ ಓಡದೆ ಕೈಯಲ್ಲಿ ಓಡ್ತಾರೇನ್ರೀ?" ಎಂದು ಮೇಷ್ಟ್ರು ಗುಡುಗಿದರು. ಆಫೀಸಿನ ಯಜಮಾನರು ಎಲ್ಲರೆದುರಿಗೇ, "ಇನ್ನೊಂದ್ಸಲ ಹೀಗಾದ್ರೆ ಮನೇಲೇ ಕೂತಿರು," ಎಂದುಬಿಟ್ಟರು.

ಅವತ್ತು ಚಿಕ್ಕಪ್ಪ ಊಟಕ್ಕೆ ಏಳಲಿಲ್ಲ. ಚಿಕ್ಕಮ್ಮ ತಟ್ಟೆ ತಂದು ಅವನ ಪಕ್ಕದಲ್ಲೇ ಕೂತಳು.

"ಮುಂದಿನ ಸಿನಿಮಾದಲ್ಲಿ ಏನಾಗುತ್ತೆ?"

"ತಾಯಿ, ಮಗು, ಇನ್ನೊಂದಷ್ಟು ಜನ ಆಕಾಶದಲ್ಲಿ ದಾರಿ ತಪ್ತಾರಂತೆ."

"ಆಮೇಲೆ? ವಾಪಸ್ ಬರ್ತಾರೋ ಇಲ್ವೋ?"

"ನಂಗೇನು ಗೊತ್ತು?"

"ಗೊತ್ತಿಲ್ದೇ ಹೇಗ್ರೀ ಬರೀತೀರಾ? ನಮ್ಮಲ್ಲಿ ಹೊರಗೆ ಕೂತವರು ನನ್ನ ಕೇಳೋದು ಅದೊಂದೇ. ಯಾವ ನರ ಕಟ್ ಮಾಡಿದ್ರು, ಯಾವ ಮೆಷಿನ್ ಹಾಕಿದ್ರು ಅಂತ ಯಾರೂ ಕೇಳಲ್ಲ."

ಮರುದಿನ ಚಿಕ್ಕಪ್ಪ ಯಜಮಾನರ ಕೈಕಾಲು ಹಿಡಿದು, ಡಬ್ಬಿ ಬರುವವರೆಗೂ ಪೋಸ್ಟರು ತಡೆಸಿದ. ಸಿನಿಮಾವನ್ನು ಮೊದಲಿಂದ ಕೊನೆಯವರೆಗೆ ನೋಡಿದ. ನೋಡಿ ಬರೆದ: 'ಗಾಬರಿ ಬೇಡ, ಎಲ್ಲರೂ ಮನೆ ಮುಟ್ಟುತ್ತಾರೆ.'

"ಅಯ್ಯೋ ಪುಣ್ಯಾತ್ಮ, ಕ್ಲೈಮ್ಯಾಕ್ಸನ್ನೇ ತಗೊಂಡೋಗಿ ಗೋಡೆಗೆ ಅಂಟಿಸಿದ್ಯಲ್ಲೋ!" ಎಂದು ಯಜಮಾನರು ಹಣೆ ಚಚ್ಚಿಕೊಂಡರು. ಅಷ್ಟರಲ್ಲಿ ಪೋಸ್ಟರುಗಳು ಊರು ತುಂಬಿದ್ದವು. ಆದರೆ ಮಧ್ಯಾಹ್ನದ ಆಟಕ್ಕೆ ಯಾರೂ ಎಣಿಸದ ಜನ ಬಂದರು. ಇಂಥ ಸಿನಿಮಾದ ಕಡೆ ತಲೆಯಿಟ್ಟೂ ಮಲಗದ ಅತ್ತೆಯಂದಿರು, ಸೊಸೆಯಂದಿರು, ಚಿಕ್ಕಮ್ಮನ ಆಸ್ಪತ್ರೆಯ ನರ್ಸುಗಳು, ಏಳು ತಿಂಗಳ ಹೊಟ್ಟೆ ಹೊತ್ತ ಪಕ್ಕದ ಮನೆಯವಳು. ಆಕಾಶನೌಕೆ ಗಿರಗಿರ ತಿರುಗಿದಾಗ ಎಲ್ಲರೂ ಧೈರ್ಯವಾಗಿ ಹೆದರಿಕೊಂಡರು. ಚಿಕ್ಕಮ್ಮನೂ ಬಂದಿದ್ದಳು. ಕೊನೆ ಗೊತ್ತಿದ್ದೂ ಚಿಕ್ಕಪ್ಪನ ಮುಂಗೈಯನ್ನು ಉಗುರು ನಾಟುವಂತೆ ಹಿಡಿದಿದ್ದಳು. ಆ ಗುರುತನ್ನು ಅವನು ಎರಡು ದಿನ ಎಲ್ಲರಿಗೂ ತೋರಿಸಿಕೊಂಡು ಓಡಾಡಿದ.

ಯಜಮಾನರಿಗೆ ರುಚಿ ಹತ್ತಿತು. ಮುಂದಿನ ಸಿನಿಮಾಕ್ಕೂ ಅದೇ ಸಾಲು ಹಾಕು ಎಂದರು. ಚಿಕ್ಕಪ್ಪ ಸಿನಿಮಾ ನೋಡಿ ಬಂದು, "ಆಗಲ್ಲ ಸಾರ್. ಇದರಲ್ಲಿ ಒಂದು ನರಪಿಳ್ಳೆನೂ ಉಳಿಯಲ್ಲ," ಎಂದ.

"ಸಿನಿಮಾದಲ್ಲಿ ಸತ್ರೆ ನಿಂಗೇನಯ್ಯ ಸೂತಕ? ಹಾಕು ಅಂದ್ರೆ ಹಾಕು."

ಅವನು ಹಾಕಲಿಲ್ಲ. ಯಜಮಾನರು ಪ್ರೆಸ್ಸಿಗೆ ತಾವೇ ಫೋನ್ ಮಾಡಿ ಹಾಕಿಸಿದರು. ಮೊದಲ ದಿನ ಟಿಕೆಟ್ಟಿನ ಸಾಲಿನಲ್ಲಿ ಮತ್ತೆ ಅದೇ ಅತ್ತೆಯಂದಿರು, ಅದೇ ನರ್ಸುಗಳು. ಚಿಕ್ಕಪ್ಪ ಅರ್ಧ ದಿನ ರಜೆ ಹಾಕಿ ಟಿಕೆಟ್ ಕಿಟಕಿಯ ಪಕ್ಕ ನಿಂತ. ನಾಲ್ಕು ಜನರೆದುರು ಮಾತಾಡಿ ಗೊತ್ತಿಲ್ಲದವನು, ಅವತ್ತು ತಾನಾಗಿ ಬಾಯಿ ತೆರೆದ.

"ಅಮ್ಮಾ, ಪೋಸ್ಟರಲ್ಲಿರೋದು ಸುಳ್ಳು. ಇದರಲ್ಲೂ ಒಂದು ಮಗು ಇದೆ. ಎಲ್ಲರೂ ಸಾಯ್ತಾರೆ. ಮಗುನೂ."

ಸಾಲಿನಲ್ಲಿ ಗುಸುಗುಸು ಎದ್ದಿತು. ಪಕ್ಕದ ಮನೆಯವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಿಂದೆ ಸರಿದಳು. ಇನ್ನೂ ಕೆಲವರು ಅವಳ ಹಿಂದೆಯೇ ಹೊರಟರು. ಬಿಳಿಕೂದಲಿನ ಒಬ್ಬಾಕೆ ಮಾತ್ರ ಚಿಕ್ಕಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಹೇಳಿದ್ದು ಒಳ್ಳೇದಾಯ್ತಪ್ಪ. ಅಳೋಕೆ ಅಂತಲೇ ಹೋಗಿ ಅಳೋದು ಬೇರೆ, ಮೋಸ ಹೋಗಿ ಅಳೋದು ಬೇರೆ," ಎಂದು ಕಿಟಕಿಗೆ ಕೈಹಾಕಿ ಟಿಕೆಟ್ ತೆಗೆದುಕೊಂಡಳು. ಅವಳ ಹಿಂದೆ ಇನ್ನಷ್ಟು ಜನ ಒಳಗೆ ಹೋದರು.

ಸುದ್ದಿ ಯಜಮಾನರಿಗೆ ಮುಟ್ಟದೆ ಇರುತ್ತದೆಯೇ? ಕೆಲಸದಿಂದ ತೆಗೆಯಲಿಲ್ಲ, ಹಳಬ ಎಂಬ ಮುಲಾಜು. ಆದರೆ ಮೇಜು ಕುರ್ಚಿ ಕಿತ್ತುಕೊಂಡು ಅವನನ್ನು ಗೋದಾಮಿಗೆ ಕಳಿಸಿದರು. ಆ ಸಂಜೆ ಚಿಕ್ಕಪ್ಪ ಹೊಸಿಲಲ್ಲೇ ನಿಂತು, "ನನ್ನನ್ನ ಡಬ್ಬಿ ಹೊರೋಕೆ ಹಾಕಿದ್ರು," ಎಂದ. ಚಿಕ್ಕಮ್ಮ, "ಸೊಂಟ ಹುಷಾರು. ಮಂಡಿ ಬಗ್ಗಿಸಿ ಎತ್ತಿ. ನಾವು ರೋಗಿಗಳನ್ನ ಹಾಗೇ ಎತ್ತೋದು," ಎಂದಳು. ಆಮೇಲೆ ಖಾಲಿ ಟ್ರಂಕನ್ನು ನಡುಮನೆಗೆ ಎಳೆದು ತಂದು, ಎತ್ತುವುದು ಹೇಗೆಂದು ತಾನೇ ತೋರಿಸಿಕೊಟ್ಟಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಚಿಕ್ಕಪ್ಪನೂ ನಕ್ಕ.

ಆ ಸಾಲುಗಳನ್ನು ಈಗ ಬೇರೆ ಯಾರೋ ಬರೆಯುತ್ತಾರೆ. ಚಿಕ್ಕಪ್ಪ ಗೋದಾಮಿನಲ್ಲೇ ಇದ್ದಾನೆ. ರಟ್ಟೆ ಗಟ್ಟಿಯಾಗಿದೆ, ನಿದ್ದೆ ಚೆನ್ನಾಗಿ ಬರುತ್ತದೆ. ಭಾನುವಾರ ಗಂಡಹೆಂಡತಿ ಇಬ್ಬರೂ ಸಿನಿಮಾಕ್ಕೆ ಹೋಗುತ್ತಾರೆ. ವಾರವೆಲ್ಲ ದುಡಿದ ಚಿಕ್ಕಮ್ಮ ಅರ್ಧಕ್ಕೇ ಅವನ ಹೆಗಲಿಗೆ ಒರಗಿ ಮಲಗಿಬಿಡುತ್ತಾಳೆ. ಆಟ ಮುಗಿದು, ಕಸ ಗುಡಿಸುವವನು ಬಂದು "ಏಳಿ ಸಾರ್" ಅನ್ನುವವರೆಗೂ ಚಿಕ್ಕಪ್ಪ ಅಲುಗಾಡದೆ ಕೂತಿರುತ್ತಾನೆ.