ಗೆರಟೆಯ ಮರೆಯಲ್ಲಿ ಊಟ

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಂತಿರಲಿಲ್ಲ. ದಪ್ಪಗೆ, ಹಳದಿಗಟ್ಟಿ, ಒಂದು ಬದಿ ಓರೆಯಾಗಿ ಸವೆದಿತ್ತು. ಮೂವತ್ತು ವರ್ಷ ಬೀಡಿ ಕಟ್ಟಿ, ಎಲೆಯ ತುದಿಯನ್ನು ಒಳಕ್ಕೆ ಮಡಚಿ ಮಡಚಿ ಹಾಗಾದದ್ದು. ಬೀಡಿ ಬಿಟ್ಟರೂ ಬೆರಳು ಆ ಚಾಳಿ ಬಿಟ್ಟಿರಲಿಲ್ಲ. ವಿಸಿಟ್ ವೀಸಾದಲ್ಲಿ ಕೊಲ್ಲಿ ದೇಶಕ್ಕೆ, ವಾದಿ ಕಬೀರ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದವರು ಸೋಫಾದ ಮೇಲೆ ಕೂತು ಅಂಗಡಿಯ ರಸೀದಿ, ಬಿಸ್ಕತ್ತಿನ ಕಾಗದ, ಕೈಗೆ ಸಿಕ್ಕಿದ್ದನ್ನೆಲ್ಲ ಸುರುಳಿ ಸುತ್ತಿ, ತುದಿ ಮಡಚಿ ಸಾಲಾಗಿ ಇಡುತ್ತಿದ್ದರು. ಅದನ್ನೆಲ್ಲ ಗುಡಿಸಿ ಹಾಕುವವಳು ನಾನು.

ಆ ಕೈ ಕಂಡರೆ ನನಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ? ನಾನು ಬಾಗಲಕೋಟೆ ಕಡೆಯವಳು, ಗಂಡ ಉಡುಪಿ ಕಡೆಯವರು. ಅತ್ತೆ ಕಾಲಿಟ್ಟರೆ ಸಾಕು, ಗಂಡ, ಮಗಳು ಇಬ್ಬರೂ ತುಳುವಿಗೆ ಹೊರಳಿಬಿಡುತ್ತಿದ್ದರು. ನನಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳು ಅಜ್ಜಿಯ ಹತ್ತಿರ ಪಟಪಟ ತುಳು ಮಾತಾಡುವಳು. ನಾನು ಬೆಳಿಗ್ಗೆ ಐದಕ್ಕೆ ಎದ್ದು ಬಡಿದ ರೊಟ್ಟಿಯನ್ನು ಅರ್ಧ ಬಿಟ್ಟು ಏಳುವವಳು, ಅತ್ತೆ ಹಾಕಿದ ಗಂಜಿ ಚಟ್ನಿಯನ್ನು ಬಟ್ಟಲು ನೆಕ್ಕಿ ಮುಗಿಸುವಳು. ನನ್ನ ಮನೆಯಲ್ಲಿ ನಾನೇ ನೆಂಟಳಾಗಿದ್ದೆ.

ಆ ವರ್ಷ ನನ್ನದು ಅಂತ ಇದ್ದದ್ದು ಒಂದೇ, ಒಂದು ಹಾವು. ಆಫೀಸಿನ ಗೆಳತಿಯೊಬ್ಬಳು ಕೆಲಸ ಬಿಟ್ಟು ಊರಿಗೆ ಹೋಗುವಾಗ ಗಾಜಿನ ಪೆಟ್ಟಿಗೆಯ ಸಮೇತ ಕೊಟ್ಟಿದ್ದು. ಆಫ್ರಿಕಾ ಕಡೆಯ ಸಣ್ಣ ಜಾತಿಯ ಹೆಬ್ಬಾವಿನ ಮರಿ, ವಿಷವಿಲ್ಲ, ಮೊಳದುದ್ದ. ಗಂಡನ ಮನೆಯವರಿಗೆ ನಾಗ ಅಂದರೆ ಕುಲದೇವರಿಗೆ ಸಮ. ನನ್ನ ಗಂಡ ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ "ನಿನ್ನ ಜವಾಬ್ದಾರಿ, ಖಲಾಸ್" ಅಂದರು. ನನಗೂ ಬೇಕಾದದ್ದು ಅದೇ.

ಆದರೆ ಅದು ತಿನ್ನಲಿಲ್ಲ. ಅತ್ತೆ ಬರುವ ಹೊತ್ತಿಗೆ ಐದು ವಾರ ಉಪವಾಸ. ನಮ್ಮ ಕಡೆ ಬಂದವರಿಗೆ ಒತ್ತಾಯ ಮಾಡದೆ ಊಟ ಹಾಕಿದರೆ ಅದು ಊಟವೇ ಅಲ್ಲ. ಬೇಡ ಅಂದಷ್ಟೂ ಬಡಿಸಬೇಕು, ಆಣೆ ಹಾಕಬೇಕು, ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಬಿಡಬೇಕು. ಹಾವಿಗೂ ನಾನು ಮಾಡಿದ್ದು ಅದನ್ನೇ. ಫ್ರೀಜರಿನ ಇಲಿಮರಿಯನ್ನು ಬಿಸಿನೀರಲ್ಲಿಟ್ಟು, ಇಕ್ಕಳದಲ್ಲಿ ಹಿಡಿದು, ಗಂಟೆಗೊಮ್ಮೆ ಮುಚ್ಚಳ ತೆಗೆದು ಮೂತಿಯ ಮುಂದೆ ಆಡಿಸುವುದು. "ತಿನ್ನವಾ, ಒಂದ ತುತ್ತ ತಿನ್ನ, ನನ್ನ ಆಣಿ ಐತಿ." ಅದು ಉಂಡೆಯಾಗಿ ಸುತ್ತಿ, ತಲೆಯನ್ನು ಮೈಯೊಳಗೆ ಹುದುಗಿಸಿಕೊಳ್ಳುತ್ತಿತ್ತು. ನಾನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಸವರುತ್ತಿದ್ದೆ. ಬೆನ್ನಿನ ಎಲುಬು ಕೈಗೆ ಹತ್ತತೊಡಗಿತ್ತು.

ಅತ್ತೆ ಪೆಟ್ಟಿಗೆ ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದು ಚಪ್ಪಲಿ ಕಳಚಿದರು. ಅವರು ಯಾವತ್ತೂ ಹಾವು ಅನ್ನಲಿಲ್ಲ. "ಅವರು" ಅನ್ನುತ್ತಿದ್ದರು.

"ಇದು ನಾಗರಹಾವಲ್ಲ ಅತ್ತೀ," ಅಂದೆ.

"ಅಲ್ಲದಿದ್ರೆ ಎಂತ, ಅದೇ ಬಳಗ ಅಲ್ವಾ? ಅವರಿಗೆ ಊಟ ಆಯ್ತಾ?"

ಇಲ್ಲ ಅಂದೆ. ಎರಡು ದಿನ ಅವರು ನನ್ನನ್ನು ನೋಡುತ್ತಲೇ ಇದ್ದರು. ಮೂರನೆಯ ದಿನ ನಾನು ಇಕ್ಕಳ ಹಿಡಿದು ಹೊರಟಾಗ ಕೇಳಿದರು, "ನಿನ್ನನ್ನು ನಾಲ್ಕು ಬದಿ ಗಾಜು ಇಟ್ಟು ಕೂರಿಸಿ, ಎಲ್ಲರೂ ಬಾಯಿ ನೋಡ್ತಾ ನಿಂತ್ರೆ ನಿಂಗೆ ಗಂಟಲಲ್ಲಿ ಇಳೀತದಾ ಮಾರಾಯ್ತಿ? ನಮ್ಮ ನಾಗಬನಕ್ಕೆ ನಾವು ಇಣುಕುದಿಲ್ಲ. ಮರದ ಒಂದು ಗೆಲ್ಲು ಮುರಿಯುದಿಲ್ಲ. ಇಟ್ಟು ಬರುದು, ಅಷ್ಟೆ. ಬಡಿಸಿದ ಮೇಲೆ ಬದಿಗೆ ಹೋಗ್ಬೇಕು."

ಅಂದು ಮಧ್ಯಾಹ್ನ ತೆಂಗಿನಕಾಯಿ ತುರಿದಾದ ಮೇಲೆ ಒಂದು ಗೆರಟೆಯನ್ನು, ಅಂದರೆ ಖಾಲಿ ಚಿಪ್ಪನ್ನು, ಎತ್ತಿಟ್ಟುಕೊಂಡರು. ಅಂಚಿನಲ್ಲಿ ಒಂದು ಸಣ್ಣ ಬಾಗಿಲು ಕೊರೆದರು. ಆಮೇಲೆ ಬಾಲ್ಕನಿಯ ಸಿಮೆಂಟಿಗೆ ತಿಕ್ಕಿ ತಿಕ್ಕಿ, ಆ ಓರೆ ಉಗುರನ್ನು ಅಂಚಿನ ಮೇಲೆ ಎಳೆದು ನೋಡುವುದು, ಮತ್ತೆ ತಿಕ್ಕುವುದು. "ಅವರ ಮೈಗೆ ತರಚಬಾರದು." ಗೆರಟೆಯನ್ನು ಪೆಟ್ಟಿಗೆಯಲ್ಲಿ ಕವುಚಿ ಹಾಕಿ, ಮೈ ಒರೆಸುವ ತಮ್ಮ ಹಳೆಯ ಬೈರಾಸನ್ನು ಗಾಜಿನ ಸುತ್ತ ಹೊದಿಸಿದರು. ಮೂರು ದಿನ ಯಾರೂ ಆ ಕೋಣೆಗೆ ಹೋಗಕೂಡದೆಂದು ಅಪ್ಪಣೆಯಾಯಿತು. ನಾಲ್ಕನೆಯ ದಿನ ನಾನೇ ಬಿಸಿ ಮಾಡಿಕೊಟ್ಟ ಇಲಿಮರಿಯನ್ನು ಗೆರಟೆಯ ಬಾಗಿಲಲ್ಲಿಟ್ಟು ಹೊರಗೆ ಬಂದು ಬಾಗಿಲೆಳೆದುಕೊಂಡರು. ನಾನು ಆಫೀಸಿಗೆ ಹೋದೆ.

ಸಂಜೆ ಬಂದಾಗ ಮನೆಯಲ್ಲಿ ಹಬ್ಬ. ಗಂಡ, ಮಗಳು ಇಬ್ಬರೂ ತುಳುವಿನಲ್ಲಿ ಒಟ್ಟಿಗೇ ಮಾತಾಡುತ್ತಿದ್ದರು. ಇಲಿ ಖಾಲಿ. ಗೆರಟೆಯ ಬಾಗಿಲಲ್ಲಿ ಸಣ್ಣ ಮೂತಿ ಕಾಣುತ್ತಿತ್ತು. ಐದು ವಾರ ತೊಡೆಯ ಮೇಲೆ ಹಾಕಿಕೊಂಡು ಬೇಡಿಕೊಂಡವಳು ನಾನು, ಉಂಡದ್ದು ಇವರ ಬಾಗಿಲಲ್ಲಿ! ಫೋಟೋ ತೆಗೆದು ಆಫೀಸಿನ ಗುಂಪಿಗೆ ಹಾಕಿದೆ. "ಕೊನೆಗೂ ನಾನು ತಿನ್ನಿಸಿದೆ" ಅಂತ ಬರೆದೆ.

ಮಗಳು ನನ್ನ ಫೋನಿನಲ್ಲಿ ಅದನ್ನು ಓದಿ ಸುಮ್ಮನಿದ್ದಾಳೆಯೇ? ಅಜ್ಜಿಗೆ ಹೇಳಿಯೇ ಬಿಟ್ಟಳು. ನಾನು ಅಡುಗೆಮನೆಯಲ್ಲಿ ಕಿವಿ ನಿಮಿರಿಸಿ ನಿಂತೆ. ಅತ್ತೆ ನನಗೂ ತಿಳಿಯಲೆಂದೋ ಏನೋ ಕನ್ನಡದಲ್ಲೇ ಹೇಳಿದರು, "ಹೌದಲ್ಲ, ಅಮ್ಮನೇ ತಂದದ್ದು, ಅಮ್ಮನೇ ಬಿಸಿ ಮಾಡಿದ್ದು. ನಾನು ಗೆರಟೆ ಕವುಚಿದ್ದು ಮಾತ್ರ." ಜಗಳಕ್ಕೆ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ವೀಸಾ ಮುಗಿದು ಅತ್ತೆ ಊರಿಗೆ ಹೋದ ಮರುದಿನವೇ ನಾನು ಗೆರಟೆಯನ್ನು ಕಸಕ್ಕೆ ಹಾಕಿದೆ. ಬೈರಾಸನ್ನು ಒಗೆದು ಮಡಚಿ ಕಪಾಟಿನ ತಳಕ್ಕೆ ತಳ್ಳಿದೆ. ಅಂಗಡಿಯಿಂದ ದೊಡ್ಡದೊಂದು ಪ್ಲಾಸ್ಟಿಕ್ ಗುಹೆ ತಂದಿಟ್ಟೆ. ಹಾವು ಮತ್ತೆ ಊಟ ಬಿಟ್ಟಿತು. ಒಂದು ವಾರ, ಎರಡು, ನಾಲ್ಕು. ಅತ್ತೆ ಪ್ರತಿ ಶುಕ್ರವಾರ ಫೋನು ಮಾಡಿ ಎಲ್ಲರನ್ನೂ ವಿಚಾರಿಸಿ, ಕೊನೆಗೆ "ಅವರಿಗೆ ಊಟ ಆಯ್ತಾ?" ಅನ್ನುವರು. ನಾನು "ಹೂಂ, ಆತ್ರಿ" ಅನ್ನುತ್ತಿದ್ದೆ. ಮತ್ತೆ ಹಾವಿನ ಬೆನ್ನೆಲುಬು ಎದ್ದು ಕಾಣುತ್ತಿತ್ತು. ಹಾವು ಸತ್ತರೂ ಸರಿ, ಇವರನ್ನು ಕೇಳಲಾರೆ ಅನ್ನುವಷ್ಟು ಸೊಕ್ಕು ನನಗೆ.

ಐದನೆಯ ಶುಕ್ರವಾರ ನಾನು "ಆತ್ರಿ" ಅಂದೆ.

"ಗೆರಟೆ ಬಿಸಾಡಿದ್ಯಾ?" ಅಂದರು.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಇರ್ಲಿ. ಇನ್ನೊಂದು ಕಾಯಿ ಒಡಿ. ಅಂಚು ಮಾತ್ರ ಸರಿ ತಿಕ್ಕು ಮಗಾ."

"ಒಲಿ ಮ್ಯಾಲೆ ಸಾರೈತಿ ಅತ್ತೀ, ಇಡ್ತೀನಿ," ಅಂದು ಫೋನ್ ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಕಾಯಿಯನ್ನೂ ಒಡೆಯಲಿಲ್ಲ.

ಅವರ ಜೊತೆ ಆಡಿದ ಕೊನೆಯ ಮಾತು ಅದೇ. ಬುಧವಾರ ಬೆಳಿಗ್ಗೆ ಅತ್ತೆ ಹಾಸಿಗೆಯಿಂದ ಏಳಲಿಲ್ಲ. ಗಂಡ ಸಿಕ್ಕಿದ ವಿಮಾನ ಹತ್ತಿದರು. ಮಗಳಿಗೆ ಪರೀಕ್ಷೆ, ನಾವಿಬ್ಬರೂ ಉಳಿದೆವು.

ಶುಕ್ರವಾರ ಫೋನು ಬರುವ ಹೊತ್ತಿಗೆ ನನಗೆ ಕೂರಲಾಗಲಿಲ್ಲ. ಎದ್ದು ಕಾಯಿ ಒಡೆದೆ. ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅಂಚನ್ನು ತಿಕ್ಕಿದೆ, ಹೆಬ್ಬೆರಳಿನ ಉಗುರು ಎಳೆದು ನೋಡಿದೆ. ನನ್ನ ಮೆತ್ತನೆಯ ಉಗುರಿಗೆ ಏನೂ ತಿಳಿಯಲಿಲ್ಲ. ತುಟಿಗೆ ಹಚ್ಚಿ ನೋಡಿದೆ, ಕೊರೆಯಿತು. ಮತ್ತೆ ತಿಕ್ಕಿದೆ. ಅಳು ಬಂತು. ಪ್ಲಾಸ್ಟಿಕ್ ಗುಹೆ ತೆಗೆದು, ಗೆರಟೆಗೆ ಬಾಗಿಲು ಕೊರೆದು ಕವುಚಿ ಹಾಕಿ, ಕಪಾಟಿನ ತಳದಿಂದ ಬೈರಾಸು ಎಳೆದು ಪೆಟ್ಟಿಗೆಗೆ ಹೊದಿಸಿದೆ. ಮೂರು ದಿನ ಆ ಕೋಣೆಯ ಕಡೆ ಕತ್ತು ಹೊರಳಿಸಲಿಲ್ಲ. ನಾಲ್ಕನೆಯ ದಿನ ಇಲಿಮರಿಯನ್ನು ಬಾಗಿಲಲ್ಲಿಟ್ಟು ಬಂದು, ಮಗಳನ್ನು ಕರೆದುಕೊಂಡು ಕಟ್ಟಡದ ಕೆಳಗಿನ ಅಂಗಡಿಯ ಮುಂದೆ ಚಹಾ ಕುಡಿಯುತ್ತ ಒಂದು ಗಂಟೆ ಕೂತೆ. ಅವಳಿಗೊಂದು ಪರಾಠಾ ತೆಗೆದುಕೊಟ್ಟು ರಸ್ತೆ ನೋಡುತ್ತ ಕೂತೆ. ತಿನ್ನು ಅನ್ನಲಿಲ್ಲ. ಅವಳು ಪೂರ್ತಿ ತಿಂದಳು.

ಮೇಲೆ ಬಂದು ನೋಡಿದರೆ ಇಲಿ ಇರಲಿಲ್ಲ.

ಮಗಳು ಫೋಟೋ ತೆಗೆದಳು. ಊರಲ್ಲಿ ತಾಯಿಯ ಕ್ರಿಯೆಗೆ ಕೂತ ಅಪ್ಪನಿಗೆ ಕಳಿಸಬೇಕಂತೆ. "ಮಮ್ಮಾ, ಯಾರು ತಿನ್ನಿಸಿದ್ದು ಅಂತ ಬರೀಲಿ?" ಅಂತ ಕನ್ನಡದಲ್ಲೇ ಕೇಳಿದಳು.

ಆಗಲೂ ನನ್ನೊಳಗೆ ಚೂರು ಕಿಚ್ಚು ಎದ್ದದ್ದು ನಿಜ.

"ಅಜ್ಜಿ ಅಂತ ಬರಿ," ಅಂದೆ.