ಮಜುಕು ಬಿಟ್ಟುಹೋದ ಕಟುಂಗು

ಬೆಂಕಿಬೆಟ್ಟದ ಬುಡದಲ್ಲಿ, ಕಿವು ಸರೋವರದ ದಡದ ನಮ್ಮ ಹಳ್ಳಿಯಲ್ಲಿ ಕಟುಂಗು ಮಾಡಿದ ತಪ್ಪು ಒಂದೇ, ಬದುಕಿ ಉಳಿದದ್ದು. ಹತ್ತೊಂಬತ್ತು ವರ್ಷ ಊರು ಅವಳನ್ನು ಮಾಟಗಾತಿ ಎಂದು ಕರೆದದ್ದು ಅದಕ್ಕೇ.

ಮಜುಕು ಎಂದರೆ ಕೆಟ್ಟ ಗಾಳಿ. ನಸುಕಿನಲ್ಲಿ ತಿರುಗಾಡುತ್ತದೆ, ನಿಂತವರ ತಲೆ ಕಂಡರೆ ಉಸಿರು ಕಿತ್ತುಕೊಂಡು ಹೋಗುತ್ತದೆ ಎಂದು ನಂಬಿದ್ದೆವು. ಹಾಗಾಗಿ ದಾರಿಯಲ್ಲಿ ಸತ್ತ ಹಕ್ಕಿ ಕಂಡರೆ ಸಾಕು, ಕುಕ್ಕರಗಾಲಿನಲ್ಲಿ ಕೂತು ತಲೆ ಬಗ್ಗಿಸಬೇಕು. ಊರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಇದನ್ನೇ.

ಕಟುಂಗುವಿಗೆ ಮಕ್ಕಳಿರಲಿಲ್ಲ. ನಾದಿನಿ ಕವಿರಾಳ ಇಬ್ಬರು ಮಕ್ಕಳು, ಆರು ವರ್ಷದ ಮುಹಿಂಡೊ ಮತ್ತು ಅವನ ತಂಗಿ ನಾಲ್ಕರ ಕಹಿಂಡೊ, ಅವಳ ಮಗ್ಗುಲಲ್ಲೇ ಮಲಗುತ್ತಿದ್ದರು. ಒಂದು ನಸುಕಿನಲ್ಲಿ ಮೂವರೂ ಮೇಕೆ ಹಿಡಿದುಕೊಂಡು ಹುರುಳಿಕಾಯಿ ಹೊಲಕ್ಕೆ ಹೊರಟಿದ್ದರು. ಕಪ್ಪು ಕಲ್ಲಿನ ತಗ್ಗಿಗೆ ಇಳಿದಾಗ ಎದುರಿಗೆ ಎರಡು ಗುಬ್ಬಿ ಸತ್ತು ಬಿದ್ದಿದ್ದವು. ಅದೇ ಹೊತ್ತಿಗೆ ಮೇಕೆ ಹಗ್ಗ ಕಿತ್ತುಕೊಂಡು ದಿಬ್ಬ ಹತ್ತಿತು.

"ಕೂತ್ಕೊಳ್ರೋ, ತಲೆ ಎತ್ತಬೇಡಿ. ಈಗ ಬಂದೆ" ಎಂದು ಅವಳು ಮೇಕೆಯ ಹಿಂದೆ ಓಡಿದಳು.

ವಾಪಸು ಬಂದಾಗ ಮಕ್ಕಳು ಹೇಳಿದ ಹಾಗೇ ಕೂತಿದ್ದರು. ಅಣ್ಣ ತಂಗಿಯ ತಲೆಯ ಮೇಲೆ ಕೈ ಇಟ್ಟು ಒತ್ತಿ ಹಿಡಿದಿದ್ದ. ಇಬ್ಬರಲ್ಲೂ ಉಸಿರಿರಲಿಲ್ಲ.

ಇಬ್ಬರನ್ನೂ ಹೊತ್ತುಕೊಂಡು ಊರಿಗೆ ಬಂದವಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಅದೇ ಸಾಕ್ಷಿಯಾಯಿತು. ಎರಡು ಮಕ್ಕಳನ್ನು ತೆಗೆದುಕೊಂಡು ಹೋದ ಮಜುಕು, ಜೊತೆಗಿದ್ದವಳನ್ನು ಯಾಕೆ ಬಿಟ್ಟಿತು? ಮಜುಕುವನ್ನು ತಿನ್ನಿಸಿ ಸಾಕಿಕೊಂಡಿದ್ದಾಳೆ, ಅದಕ್ಕೇ ಎಂದಿತು ಊರು! ಗಂಡ ಪಲುಕು ಅವಳನ್ನು ಹೊರಗೆ ಹಾಕಿದ. ಊರಂಚಿನಲ್ಲಿ ಒಂದು ಗುಡಿಸಲು ಕಟ್ಟಿಕೊಂಡು ಮರಗೆಣಸು ಬೇಯಿಸಿ ತಿಂದು ಬದುಕಿದಳು. ಕವಿರಾ ಎದುರಿಗೆ ಸಿಕ್ಕಾಗಲೆಲ್ಲ ನೆಲಕ್ಕೆ ಉಗುಳುತ್ತಿದ್ದಳು. ಕಟುಂಗು ಸುಮ್ಮನೆ ಬಿಡುತ್ತಿರಲಿಲ್ಲ, "ಉಗಿಯೇ, ಉಗಿ. ನಿನ್ನ ಮಕ್ಕಳಿಗೆ ಅತ್ತವಳು ನಾನೂ ಹೌದು" ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಗಂಡನ ಮನೆಯಲ್ಲ, ಆ ಹೆಂಗಸಿನ ಬಾಯಲ್ಲಿ ಮತ್ತೊಮ್ಮೆ 'ಅತ್ತಿಗೆ' ಎಂಬ ಮಾತು.

ಹೋದ ವರ್ಷ ಬೆಂಕಿಬೆಟ್ಟ ಅಳೆಯುವವರು ಬಂದರು. ಅವರಲ್ಲೊಬ್ಬ ಇಡೀ ಊರನ್ನು ತಗ್ಗಿನ ಅಂಚಿನಲ್ಲಿ ನಿಲ್ಲಿಸಿ, ತಾನು ಪಂಜು ಹಿಡಿದು ಕೆಳಗಿಳಿದ. ಎದೆಯ ಮಟ್ಟದಲ್ಲಿ ಪಂಜು ಚೆನ್ನಾಗಿ ಉರಿಯಿತು. ಮೊಣಕಾಲಿನ ಹತ್ತಿರ ತಂದದ್ದೇ ತಡ, ಆರಿಹೋಯಿತು.

"ದೆವ್ವಾನೂ ಇಲ್ಲ, ಮಾಟಾನೂ ಇಲ್ಲ. ಬೆಟ್ಟದ ಹೊಟ್ಟೆಯಿಂದ, ನೆಲದೊಳಗಿಂದ ಬರೋ ಇಂಗಾಲಾಮ್ಲ. ಗಾಳಿಗಿಂತ ಭಾರ, ತಗ್ಗಲ್ಲಿ ನೀರಿನ ಥರ ನಿಲ್ಲುತ್ತೆ. ಬಿಸಿಲು ಬಂದು ಗಾಳಿ ಬೀಸಿದ್ರೆ ಚದುರುತ್ತೆ. ಇಲ್ಲಿ ಯಾವತ್ತೂ ಕೂರಬೇಡಿ, ಮಲಗಬೇಡಿ. ನಿಂತ್ಕೊಂಡೇ ಬೇಗ ಮೇಲಕ್ಕೆ ಹತ್ತಿ" ಎಂದ.

ಜನ ಹೋ ಎಂದು ತಲೆದೂಗಿದರು. ಹತ್ತೊಂಬತ್ತು ವರ್ಷ ಕಲ್ಲು ಬೀರಿದವರೇ "ನಮಗೆ ಆಗಲೇ ಅನುಮಾನ ಇತ್ತು" ಎಂದು ಶುರು ಮಾಡಿದರು. ನಾಚಿಕೆ ಎಂಬುದು ನಮ್ಮೂರಿನ ಬೆಳೆಯಲ್ಲ.

ಆ ಸಂಜೆ ಕವಿರಾ ಬುಟ್ಟಿ ತುಂಬ ಹುರಿದ ಸಣ್ಣ ಮೀನು ಹಿಡಿದು ಗುಡಿಸಲಿಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಅತ್ತಿಗೆ, ನನ್ನ ನಾಲಿಗೆ ಬಿದ್ದುಹೋಗ. ತಪ್ಪಾಯ್ತು ಕಣೇ."

ಕಟುಂಗು ಚಾಪೆ ಹಾಸಿದಳು. ಇಬ್ಬರೂ ಕೂತು ಮೀನು ತಿಂದರು. ಕವಿರಾ ಇದ್ದಕ್ಕಿದ್ದಂತೆ ಅಗಿಯುವುದು ನಿಲ್ಲಿಸಿದಳು.

"ಅವತ್ತು ನೀನು ಮೇಕೆ ಹಿಂದೆ ಹೋದಾಗ ಮಕ್ಕಳು ನಿಂತಿದ್ರಾ?"

ನಿಂತಿದ್ದರು ಎಂದಿದ್ದರೆ ಮುಗಿಯುತ್ತಿತ್ತು. ನೋಡಿದವರು ಯಾರೂ ಇರಲಿಲ್ಲ.

"ಕೂತಿದ್ರು. ನಾನೇ ಕೂರಿಸಿದ್ದೆ."

ಕವಿರಾ ಬುಟ್ಟಿ ಎತ್ತಿಕೊಂಡು ಎದ್ದಳು.

"ಮಾಟಗಾತಿಯಾಗಿದ್ರೇ ಚೆನ್ನಾಗಿತ್ತು. ನಿನ್ನ ಕೈಯಾರೆ ಕೊಂದೆಯಲ್ಲೇ" ಎಂದಳು.

ಮಜುಕು ಬಂದರೆ ಕೂರಬೇಕು ಎಂದು ಆ ಮಕ್ಕಳಿಗೆ ಮೊದಲು ಕಲಿಸಿದವಳು ಹೆತ್ತ ತಾಯಿ ಕವಿರಾಳೇ. ಆ ಮಾತು ಕಟುಂಗುವಿನ ನಾಲಿಗೆಯ ತುದಿಗೆ ಬಂತು. ಕವಿರಾಳಿಗೆ ಅದು ಎಂದೂ ನೆನಪಾಗದಿರಲಿ ಎಂದುಕೊಳ್ಳುತ್ತ, ಅವಳು ಚಾಪೆಯ ಮೇಲೆ ಉದುರಿದ್ದ ಮೀನಿನ ಮುಳ್ಳುಗಳನ್ನು ಆಯತೊಡಗಿದಳು.