ನಲವತ್ತು ವಾರದ ಸಂಬಳ

ಚಾಟ್ಸ್‌ವುಡ್‌ನ ಒಂದು ಆಫೀಸಿನಲ್ಲಿ ಇಂಟರ್‌ವ್ಯೂ. ಮ್ಯಾನೇಜರ್ ಮೈಸೂರಿನವರು. ನನ್ನ ಹೆಸರು ನೋಡಿದವರೇ ಇಂಗ್ಲಿಷ್ ಬಿಟ್ಟು, "ಕನ್ನಡದವರಾ? ಹಾಗಿದ್ರೆ ಆರಾಮಾಗಿ ಮಾತಾಡೋಣ" ಅಂದರು. ನನಗೂ ಖುಷಿಯಾಯಿತು, ಸಂಬಳದ ವಿಷಯ ಬರುವವರೆಗೆ.

ಆಗ ನಾನು ಗಿರಾವೀನ್ ಕಡೆಯ ಶಾಲೆಯೊಂದರ ಆಫೀಸಿನಲ್ಲಿದ್ದೆ. ವರ್ಷಕ್ಕೆ ಮೂವತ್ತು ಸಾವಿರ ಡಾಲರ್.

"ನಾವು ಮೂವತ್ತೆರಡು ಕೊಡ್ತೀವಿ. ನಮ್ಮೋರು ಅಂತ ಎರಡು ಸಾವಿರ ಜಾಸ್ತಿ."

"ಸಾರ್, ಆ ಮೂವತ್ತು ಶಾಲೆ ನಡೆಯೋ ನಲವತ್ತು ವಾರದ್ದು. ದಿನದ ಗಂಟೆ ಎರಡೂ ಕಡೆ ಒಂದೇ. ಇಲ್ಲಿನ ಐವತ್ತೆರಡು ವಾರಕ್ಕೆ ಲೆಕ್ಕ ಹಾಕಿದ್ರೆ ಮೂವತ್ತೊಂಬತ್ತಾಗುತ್ತೆ."

"ರಜೆಯಲ್ಲೂ ಸಂಬಳ ಬರುತ್ತಲ್ಲಮ್ಮ?"

"ಬರಲ್ಲ ಸಾರ್. ದುಡಿದಿದ್ದನ್ನೇ ವರ್ಷಪೂರ್ತಿ ಹಂಚಿ ಕೊಡ್ತಾರೆ. ನೆಂಟರು ಜಾಸ್ತಿ ಬಂದಾಗ ಸಾರಿಗೆ ನೀರು ಹಾಕಲ್ವಾ, ಹಾಗೆ. ನೀರು ಹಾಕಿದ ಸಾರು ನೋಡಿ ನನ್ನ ಅಡುಗೆಗೆ ಬೆಲೆ ಕಟ್ಟಬೇಡಿ."

ಅವರು ಕ್ಯಾಲ್ಕುಲೇಟರ್ ಒತ್ತಿದರು. ಅಳಿಸಿ ಮತ್ತೆ ಒತ್ತಿದರು. ಉತ್ತರ ಬದಲಾಗಲಿಲ್ಲ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ನಾವೆಲ್ಲ ಒಂದೇ ಕಡೆಯೋರು."

ನನಗೆ ರೇಗಿಹೋಯಿತು. "ಒಂದೇ ಕಡೆಯೋರು ಅಂದ್ರೆ ಹಬ್ಬಕ್ಕೆ ಮನೆಗೆ ಬನ್ನಿ, ಒಬ್ಬಟ್ಟು ಬಡಿಸ್ತೀನಿ. ಕೆಲಸಕ್ಕಾದ್ರೆ ಮೂವತ್ತೊಂಬತ್ತು" ಅಂತ ಹೇಳಿ ಎದ್ದು ಬಂದೆ.

ಟ್ರೇನಿನಲ್ಲಿ ಮನೆ ಸಾಲದ ಮಾರ್ಟ್‌ಗೇಜ್ ಕಂತು ನೆನಪಾಗಿ, ಆ ಎರಡು ಸಾವಿರಕ್ಕಾದರೂ ಒಪ್ಪಬೇಕಿತ್ತೇನೋ ಅನಿಸಿದ್ದು ನಿಜ. ಆದರೂ ನಾನಾಗಿ ಫೋನ್ ಮಾಡಲಿಲ್ಲ.

ಎರಡು ದಿನ ಬಿಟ್ಟು ಅವರೇ ಮಾಡಿದರು. ಮೂವತ್ತೊಂಬತ್ತಕ್ಕೆ ಒಪ್ಪಿದ್ದರು. ಮಾತು ಮಾತ್ರ ಮೊದಲಿಂದ ಕೊನೆವರೆಗೂ ಇಂಗ್ಲಿಷಿನಲ್ಲೇ.